ಸ್ಲೋ ಕುಕ್ಕರಿನಲ್ಲಿ ಕೋಳಿ: ಜವಾರಿಗೆ ಒಂದು ಲೆಕ್ಕ, ಬ್ರಾಯ್ಲರಿಗೆ ಇನ್ನೊಂದು

ಸ್ಲೋ ಕುಕ್ಕರಿನಲ್ಲಿ, ಎಂದರೆ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆಯಲ್ಲಿ, ಕೋಳಿ ಸರಿ ಬರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಎರಡೇ ಮಾತು: ಯಾವ ಕೋಳಿ, ಎಷ್ಟು ಹೊತ್ತು ಇಟ್ಟಿರಿ? ಉತ್ತರ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಬ್ರಾಯ್ಲರ್, ಎಂಟು ಗಂಟೆ. ಆರು ವಾರದ ಆಸುಪಾಸಿನಲ್ಲಿ ಅಂಗಡಿಗೆ ಬರುವ ಎಳೆಯ ಹಕ್ಕಿ ಅದು. ಗ್ಯಾಸಿನ ಮೇಲೆ ಅರ್ಧ ಗಂಟೆಯಲ್ಲಿ ಬೇಯುವಂಥದ್ದು. ಅದನ್ನು ಬೆಳಗಿನಿಂದ ಸಂಜೆಯವರೆಗೆ ಬಿಸಿಯಲ್ಲಿಟ್ಟರೆ ಎಲುಬು ಒಂದು ಕಡೆ, ಮಾಂಸದ ಎಳೆ ಒಂದು ಕಡೆ, ರುಚಿ ಮೂರನೆಯ ಕಡೆ ಹೋಗದೆ ಇನ್ನೇನಾದೀತು? ಈ ಪಾತ್ರೆ ಇರುವುದೇ ಗಟ್ಟಿ ಮಾಂಸಕ್ಕೆ. ನಮ್ಮ ಕಲಬುರಗಿಯ ಮಟ್ಟಿಗೆ ಹೇಳುವುದಾದರೆ, ಜವಾರಿ ಎಂಬ ನಾಟಿ ಕೋಳಿಗೆ. ಹಕ್ಕಿಯ ವಯಸ್ಸು ನೋಡಿ ಹೊತ್ತು ಗೊತ್ತುಮಾಡಬೇಕು, ಡಬ್ಬಿಯೊಳಗಿನ ಪುಸ್ತಕ ನೋಡಿ ಅಲ್ಲ.

ನಮ್ಮ ಮನೆಗೆ ಇದು ಬಂದದ್ದು ದುಬೈಯಿಂದ, ಮೈದುನನ ಸಾಮಾನಿನ ಜೊತೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಈ ಊರಿನಲ್ಲಿ ಓಣಿಗೊಬ್ಬರಾದರೂ ಸಿಗುವುದರಿಂದ, ಇಂಥ ಪಾತ್ರೆ ಅನೇಕ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿರಬೇಕು ಎಂಬುದು ನನ್ನ ಗುಮಾನಿ. ಕೆಳಗಿಳಿಸುವವರಿಗೆ ಒಂದು ಮಾತು: ದುಬೈಯಲ್ಲೂ ವಿದ್ಯುತ್ತು 230 ವೋಲ್ಟೇ, ಹಾಗಾಗಿ ಯಂತ್ರಕ್ಕೆ ತೊಂದರೆಯಿಲ್ಲ. ಪ್ಲಗ್ಗಿನ ಚಪ್ಪಟೆ ಪಿನ್ನುಗಳು ಮಾತ್ರ ನಮ್ಮ ಸಾಕೆಟ್ಟಿಗೆ ಕೂಡುವುದಿಲ್ಲ. ಗಂಟೆಗಟ್ಟಲೆ ಉರಿಯುವ ವಸ್ತುವನ್ನು ಸಡಿಲ ಅಡಾಪ್ಟರಿಗೆ ಸಿಕ್ಕಿಸುವುದು ನನಗೆ ಒಪ್ಪಿಗೆಯಾಗದೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪ್ಲಗ್ಗನ್ನೇ ಬದಲಾಯಿಸಿದೆ. ಅಮೆರಿಕದಿಂದ ಬಂದದ್ದಾದರೆ 120 ವೋಲ್ಟಿನದು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ.

ಮಾಂಸದ ಪಾತ್ರೆ ಒಳಗಿನ ಅಡುಗೆಮನೆಗೆ ಬರಕೂಡದು ಎಂದು ಅತ್ತೆ ಕಟ್ಟುನಿಟ್ಟು ಮಾಡಿದರು. ಸೋಮವಾರ, ಶ್ರಾವಣ ಎಲ್ಲ ನಡೆಸುವ ಮನೆ ನಮ್ಮದು. ಹಾಗಾಗಿ ಅದರ ಜಾಗ ಹಿಂದಿನ ಪಡಸಾಲೆಯ ಕಡಪಾ ಕಲ್ಲಿನ ಕಟ್ಟೆಯಾಯಿತು. ಅದು ಒಳ್ಳೆಯದೇ ಆಯಿತು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಅಡುಗೆಮನೆಗೆ ಇನ್ನೊಂದು ಬಿಸಿ ಸೇರುವುದು ತಪ್ಪಿತು.

ಒಳಗಿನದು ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಸುತ್ತಲಿನ ಗೋಡೆಯಲ್ಲಿ ಕಾಯುವ ತಂತಿ. ಇಷ್ಟೇ. ಗುಂಡಿಯಲ್ಲಿ ಲೋ, ಹೈ ಎಂದು ಎರಡು ಮಟ್ಟ. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ, ಕುದಿಯ ಅಂಚಿಗೆ. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನವಾಗಿ. ಮುಚ್ಚಳ ತೆಗೆದು ಇಣುಕಿದರೆ ಕೂಡಿಟ್ಟ ಬಿಸಿ ಹಾರಿಹೋಗಿ ಮತ್ತೆ ಅಷ್ಟು ಏರಲು ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಬೇಕು. ನಮ್ಮ ಮನೆಯಲ್ಲಿ ದಾಟಿ ಹೋಗುವವರೆಲ್ಲ ಒಮ್ಮೆ ತೆರೆದು ನೋಡುವ ಚಟದವರಾದ್ದರಿಂದ ಮುಚ್ಚಳದ ಮೇಲೆ ಒರಳಿನ ಗುಂಡನ್ನೇ ಇಡೋಣ ಅನ್ನಿಸುತ್ತದೆ. ಗಾಜು ಎಂದು ಸುಮ್ಮನಿದ್ದೇನೆ.

ಈಗ ಕೋಳಿಯ ವಿಚಾರ. ಜವಾರಿ ಎಂದು ಹೇಳಿ ಕೊಡುವುದೆಲ್ಲ ಒಂದೇ ಅಲ್ಲ. ಐದಾರು ತಿಂಗಳ ಹುಂಜಕ್ಕೂ ಎರಡು ವರ್ಷ ಮೊಟ್ಟೆಯಿಟ್ಟು ದಣಿದ ಹೇಂಟೆಗೂ ಬೇಯುವ ಹೊತ್ತಿನಲ್ಲಿ ಅಜಗಜಾಂತರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ತಳಿಯೂ ಕೆಲವೊಮ್ಮೆ ಜವಾರಿಯ ಹೆಸರಿನಲ್ಲೇ ತಕ್ಕಡಿ ಏರುತ್ತದೆ. ಒಳ್ಳೆಯ ಕೋಳಿಯೇ, ಆದರೆ ಅಷ್ಟು ಹೊತ್ತು ಬೇಡುವುದಿಲ್ಲ. ಹಾಗಾಗಿ ನಾನು ಹಕ್ಕಿಯ ಎದೆಮೂಳೆಯ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಎಳೆಯದರಲ್ಲಿ ಆ ತುದಿ ಮೃದ್ವಸ್ಥಿ, ಕಿವಿಯ ಹಾಲೆಯ ಮೇಲ್ಭಾಗದಂತೆ ಬಾಗುತ್ತದೆ. ಬಲಿತದ್ದರಲ್ಲಿ ಕಲ್ಲು. ಹುಂಜವಾದರೆ ಕಾಲಿನ ಮುಳ್ಳು ನೋಡಿದರೂ ಸಾಕು: ಬರೀ ಗುಬುಟಾಗಿದ್ದರೆ ಎಳೆಯದು, ಉದ್ದವಾಗಿ ಬಾಗಿದ್ದರೆ ಮುದುಕ. ಅಂಗಡಿಯ ಚಾಚಾಗೆ ನನ್ನ ಈ ತಪಾಸಣೆ ರೂಢಿಯಾಗಿದೆ. "ಅಕ್ಕಾ, ಕೋಳಿ ಕೊಳ್ಳಲು ಬಂದಿದ್ದೀರೋ, ಜಾತಕ ಕೂಡಿಸಲು ಬಂದಿದ್ದೀರೋ?" ಎನ್ನುತ್ತಾರೆ. "ಜಾತಕ ಸುಳ್ಳಾದರೆ ರಾತ್ರಿ ಊಟಕ್ಕೆ ನಿಮ್ಮ ಮನೆಗೇ ಬರುತ್ತೇನೆ, ಚಾಚಾ" ಎನ್ನುತ್ತೇನೆ.

ಜವಾರಿಯನ್ನು ಚರ್ಮ ಸಹಿತ ತರಬೇಕು. ಪುಕ್ಕ ಕಿತ್ತು, ಬೆಂಕಿಯಲ್ಲಿ ಹದವಾಗಿ ಸುಟ್ಟು, ಅರಿಶಿನ ಹಚ್ಚಿ ತೊಳೆದುಕೊಡುತ್ತಾರೆ. ಆ ಸುಟ್ಟ ಚರ್ಮದ ವಾಸನೆಯೇ ಸಾರಿನ ಅರ್ಧ ರುಚಿ. ಬ್ರಾಯ್ಲರಿನ ಚರ್ಮವನ್ನು ಮಾತ್ರ ತೆಗೆಸಿಬಿಡಿ. ಈ ಪಾತ್ರೆಯಲ್ಲಿ ಅದು ರಬ್ಬರಾಗುತ್ತದೆ, ಬಿಟ್ಟ ಕೊಬ್ಬು ಮೇಲೆ ತೇಲುತ್ತದೆ.

ಜವಾರಿ ಗಟ್ಟಿ ಏಕೆಂದರೆ ಅದು ಬದುಕಿನುದ್ದಕ್ಕೂ ತಿಪ್ಪೆ ಕೆದರಿದೆ, ಓಡಿದೆ, ಗೋಡೆ ಹಾರಿದೆ. ಸ್ನಾಯುಗಳನ್ನು ಕಟ್ಟಿ ಹಿಡಿದಿರುವ ಕೊಲಾಜನ್ ಎಂಬ ಅಂಶ ವಯಸ್ಸಿನ ಜೊತೆ ಬಲಿಯುತ್ತದೆ. ಅದು ಕರಗಿ ಜಿಲಟಿನ್ ಆಗಬೇಕಾದರೆ ಬಿಸಿಯಷ್ಟೇ ಸಾಲದು, ಹೊತ್ತೂ ಬೇಕು. ಪ್ರೆಶರ್ ಕುಕ್ಕರ್ 120 ಡಿಗ್ರಿಯವರೆಗೆ ಏರಿ ಅದನ್ನು ಬೇಗ ಮುಗಿಸುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಸೀಟಿ ಹೆಚ್ಚಾದರೆ ತುಂಡು ಬಿರಿದು ಎಲುಬು ಬಿಡುತ್ತದೆ, ಒಂದು ಕಡಿಮೆಯಾದರೆ ಹಲ್ಲಿಗೆ ಕೆಲಸ. ಸ್ಲೋ ಕುಕ್ಕರಿನಲ್ಲಿ ಹೆಚ್ಚುಕಡಿಮೆಗೆ ಅರ್ಧ ಗಂಟೆಯ ಸಲಿಗೆ ಇದೆ. ಸಾರು ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಗಡ್ಡೆ ಕಟ್ಟಿ ಅಲುಗಾಡುತ್ತದಲ್ಲ, ಅದು ಕೊಲಾಜನ್ ಕರಗಿದ್ದಕ್ಕೆ ಸಾಕ್ಷಿ.

ನಮ್ಮೂರಿನಲ್ಲಿ ನಿಹಾರಿ, ಪಾಯಾ ಎಂಬ ಮಾಂಸದ, ಕಾಲಿನ ಸಾರು ಮಾಡುವವರು ದೇಗು ಎಂಬ ದೊಡ್ಡ ಹಂಡೆಯ ಬಾಯಿಗೆ ಕಣಕ ಮೆತ್ತಿ ರಾತ್ರಿಯಿಡೀ ಕೆಂಡದ ಮೇಲೆ ಬಿಡುವುದು ಇದೇ ಕಾರಣಕ್ಕೆ. ಈ ಯಂತ್ರದ ಹುಟ್ಟಿಗೂ ಇಂಥದ್ದೇ ಹಿನ್ನೆಲೆ ಇದೆ. 1940ರಲ್ಲಿ ಇದರ ಪೇಟೆಂಟ್ ಪಡೆದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಅವರಿಗೆ ದಾರಿ ತೋರಿಸಿದ್ದು ತಾಯಿ ಹೇಳಿದ ಲಿಥುವೇನಿಯಾದ ಯಹೂದಿ ಅಡುಗೆಯ ಕತೆ: ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ಒಲೆ ಹಚ್ಚುವಂತಿಲ್ಲವಾದ್ದರಿಂದ ಹಿಂದಿನ ಸಂಜೆಯೇ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು ಬರುತ್ತಿದ್ದರಂತೆ. ಅದೇ 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರು ಹೊತ್ತು ಮಾರುಕಟ್ಟೆಗೆ ಬಂತು. ಅತ್ತೆಗೆ ಈ ಕತೆ ಹೇಳಿದ ಮೇಲೆ ಯಂತ್ರದ ಮೇಲಿನ ಅವರ ಸಿಟ್ಟು ಸ್ವಲ್ಪ ಇಳಿಯಿತು.

ಕೆಂಪಗಾಗುವುದು ಮಾತ್ರ ಈ ಪಾತ್ರೆಯಿಂದ ಆಗದ ಕೆಲಸ. ನೀರಿನ ಹಬೆಯಲ್ಲಿ ಯಾವುದೂ ಹುರಿಯುವುದಿಲ್ಲ. ಹಸಿ ಉಳ್ಳಾಗಡ್ಡಿ ಹಾಕಿದರೆ ಎಂಟು ಗಂಟೆಯ ಮೇಲೂ ಅದು ಬೆಂದ ಹಸಿ ಉಳ್ಳಾಗಡ್ಡಿಯೇ. ಸಪ್ಪೆಯಾಯಿತು ಎನ್ನುವವರ ದೂರಿನ ಮೂಲ ಬಹುಪಾಲು ಇಲ್ಲಿದೆ. ಸುಟ್ಟ ರುಚಿಯನ್ನು ಹೊರಗಿನಿಂದ ತಂದು ಒಳಗೆ ಹಾಕಬೇಕು.

ನಾನು ಮಾಡುವುದು ಹೀಗೆ. ಎರಡು ದೊಡ್ಡ ಉಳ್ಳಾಗಡ್ಡಿಗಳನ್ನು ಸಿಪ್ಪೆ ಸಹಿತ ಗ್ಯಾಸಿನ ಉರಿಯ ಮೇಲೆ ಜಾಲರಿಯಿಟ್ಟು ಸುಡುತ್ತೇನೆ. ಹೊರಗಿನ ಪದರ ಕಪ್ಪಾಗಿ, ಕತ್ತಿನ ಕಡೆಯಿಂದ ರಸ ಗುಳ್ಳೆಗುಳ್ಳೆಯಾಗಿ ಉಕ್ಕಿ ಚುರ್ ಎನ್ನಬೇಕು, ಅಲ್ಲಿಯವರೆಗೆ. ಆಮೇಲೆ ಒಣ ಕೊಬ್ಬರಿಯ ಅರ್ಧ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡುತ್ತೇನೆ. ಮೊದಲು ಅಂಚು ಬೆವರುತ್ತದೆ, ಎಣ್ಣೆ ಹೊರಬರುತ್ತದೆ, ತಟ್ಟನೆ ಬಟ್ಟಲಿಗೇ ಬೆಂಕಿ ಹತ್ತುತ್ತದೆ. ಒಂದೆರಡು ಕ್ಷಣ ಉರಿಯಲು ಬಿಟ್ಟು ಊದಿ ಆರಿಸಿ ತಿರುಗಿಸುವುದು. ಪೂರ್ತಿ ಇದ್ದಿಲಾಗುವವರೆಗೆ ಕಾದರೆ ಸಾರು ಕಹಿ. ಮೇಲಿನ ಮಸಿಯನ್ನು ಚಾಕುವಿನಿಂದ ಅರೆಬರೆ ಕೆರೆದು, ಹುರಿದ ಎಳ್ಳು, ಗಸಗಸೆ, ಒಂದು ಗಡ್ಡೆ ಬೆಳ್ಳುಳ್ಳಿ, ಹಸಿಶುಂಠಿ, ಕೊತ್ತಂಬರಿ ಬೀಜ ಸೇರಿಸಿ ನುಣ್ಣಗೆ ರುಬ್ಬುತ್ತೇನೆ. ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ ಕೋಳಿಯ ತುಂಡುಗಳನ್ನು ಬಣ್ಣ ಬದಲುವವರೆಗೆ ಹೊರಳಿಸಿ ತೆಗೆದು, ಅದೇ ಎಣ್ಣೆಯಲ್ಲಿ ರುಬ್ಬಿದ್ದನ್ನು ಎಣ್ಣೆ ಬಿಡುವವರೆಗೆ ಹುರಿದು, ಕಾಯಿಸಿದ ನೀರು ಹಾಕಿ ಒಂದು ಕುದಿ ಬರಿಸಿ, ಎಲ್ಲವನ್ನೂ ಪಿಂಗಾಣಿಗೆ ಸುರಿಯುತ್ತೇನೆ. ಇಪ್ಪತ್ತೈದು ನಿಮಿಷದ ಕೆಲಸ. ಇದನ್ನು ಉಳಿಸಲು ಹೋಗುವವರು ಸ್ಲೋ ಕುಕ್ಕರ್ ಕೊಳ್ಳದಿರುವುದು ಮೇಲು.

ಬಿಸಿಯಾಗಿ ಸುರಿಯುವುದಕ್ಕೆ ಇನ್ನೊಂದು ಕಾರಣವಿದೆ. 5ರಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ಮಾಂಸದ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ನಿಧಾನ ಕಾಯುವ ಪಾತ್ರೆಯಲ್ಲಿ ತಣ್ಣನೆಯ ಮಾಂಸ ಆ ಪಟ್ಟಿಯನ್ನು ದಾಟಲು ಬಹಳ ಹೊತ್ತು ಹಿಡಿಯುತ್ತದೆ. ಫ್ರೀಜರಿನ ಗಡ್ಡೆಯನ್ನು ಹಾಗೇ ಹಾಕುವುದಂತೂ ಕೂಡದು; ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಡಬೇಕು. ಹಸಿ ಕೋಳಿ ತುಂಬಿ, ಮಧ್ಯಾಹ್ನ ತಾನೇ ಶುರುವಾಗಲೆಂದು ಟೈಮರ್ ಇಟ್ಟು ಹೋಗುವುದು ತಣ್ಣನೆಯ ದೇಶಗಳಲ್ಲೇ ತಪ್ಪು, ಕಲಬುರಗಿಯ ಬೇಸಿಗೆಯಲ್ಲಂತೂ ಆಸ್ಪತ್ರೆಗೆ ದಾರಿ. ಮಾಂಸ ಹೊರಗೆ ಎರಡು ಗಂಟೆ ಮೀರಿ ಇರಬಾರದು, ಸುತ್ತಲ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ನಿಯಮ. ನಮ್ಮಲ್ಲಿ ವರ್ಷದ ಎಷ್ಟೋ ತಿಂಗಳು ಆ ಒಂದು ಗಂಟೆಯ ಲೆಕ್ಕವೇ.

ನಮ್ಮದು ಮೂರೂವರೆ ಲೀಟರಿನ ಪಾತ್ರೆ. ಒಂದು ಕಿಲೋ ಜವಾರಿಗೆ ಎರಡು ಲೋಟ ನೀರು ಹಾಕುತ್ತೇನೆ. ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಿರಬೇಕು. ಮೊದಲ ಒಂದು ಗಂಟೆ ಹೈ, ಆಮೇಲೆ ಲೋ. ಎಳೆ ಹುಂಜಕ್ಕೆ ಒಟ್ಟು ಐದು ಗಂಟೆ, ಬಲಿತದ್ದಕ್ಕೆ ಏಳು, ಮುದಿ ಹೇಂಟೆಗೆ ಎಂಟೂ ಆದೀತು. ಬ್ರಾಯ್ಲರಿನ ಕಾಲು, ತೊಡೆ ಎಲುಬು ಸಹಿತ ಇದ್ದರೆ ಲೋದಲ್ಲಿ ನಾಲ್ಕು ಗಂಟೆ ಧಾರಾಳ, ನೀರು ಅರ್ಧ ಲೋಟ ಸಾಕು. ಕೋಳಿಯೇ ನೀರು ಬಿಡುತ್ತದೆ, ಆವಿಯಾಗಿ ಹೋಗುವುದು ಏನೂ ಇಲ್ಲ. ಎದೆಯ ತುಂಡನ್ನು ನಾನು ಇದರಲ್ಲಿ ಹಾಕುವುದೇ ಇಲ್ಲ. ಹಾಕಲೇಬೇಕೆಂದರೆ ಎರಡೂವರೆ ಗಂಟೆಯಿಂದಲೇ ಥರ್ಮಾಮೀಟರ್ ಚುಚ್ಚಿ ನೋಡಿ: ದಪ್ಪ ಭಾಗದಲ್ಲಿ 74 ಡಿಗ್ರಿ ಮುಟ್ಟಿದರೆ ಬೆಂದಿದೆ, ಅದರಾಚೆಗಿನ ಪ್ರತಿ ನಿಮಿಷವೂ ನಷ್ಟ. ಜವಾರಿಗೆ 74 ಮುಟ್ಟುವುದು ಆರಂಭ ಮಾತ್ರ. ಅಲ್ಲಿಗೆ ತಿನ್ನಲು ಸುರಕ್ಷಿತ, ಅಗಿಯಲು ಅಸಾಧ್ಯ.

ಲವಂಗ, ಚಕ್ಕೆಯನ್ನು ದಿನದ ಅಳತೆಯ ಅರ್ಧಕ್ಕೆ ಇಳಿಸಿ. ಗಂಟೆಗಟ್ಟಲೆ ನೆನೆದು ಸಾರನ್ನು ಔಷಧಿ ಮಾಡುತ್ತವೆ. ಮಸಾಲೆ ಖಾರದ ಪುಡಿ ಇದಕ್ಕೆ ತದ್ವಿರುದ್ಧ, ಮೊದಲೇ ಹಾಕಿದರೆ ಘಮ ಸತ್ತುಹೋಗುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಎಣ್ಣೆಯಲ್ಲಿ ಕಲಸಿ ಹಾಕುತ್ತೇನೆ. ಮೊಸರೂ ಕೊನೆಗೇ, ಇಲ್ಲದಿದ್ದರೆ ಒಡೆಯುತ್ತದೆ. ಸಾರು ತೆಳ್ಳಗಿದ್ದರೆ ಮುಚ್ಚಳ ತೆಗೆದು ಕಾಯುತ್ತ ಕೂರುವುದು ವ್ಯರ್ಥ. ಸಾರನ್ನಷ್ಟೇ ಬಾಣಲೆಗೆ ಬಗ್ಗಿಸಿ ಜೋರು ಉರಿಯಲ್ಲಿ ಐದು ನಿಮಿಷ ಕುದಿಸಿ, ಬೇಕಿದ್ದರೆ ಶೇಂಗಾ ಪುಡಿ ಉದುರಿಸಿ ಮತ್ತೆ ಸುರಿಯಿರಿ.

ಕರೆಂಟಿನ ವಿಷಯ ಹೇಳದೆ ಈ ಊರಿನಲ್ಲಿ ಯಾವ ಅಡುಗೆಯ ಮಾತೂ ಮುಗಿಯುವುದಿಲ್ಲ. ನಮ್ಮ ಪಾತ್ರೆ ಎಳೆಯುವುದು 200 ವ್ಯಾಟ್, ಎಂದರೆ ಹಳೆಯ ಮಾದರಿಯ ಮೂರು ಫ್ಯಾನಿಗಿಂತ ಕಡಿಮೆ. ಏಳು ಗಂಟೆಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಹಾಗಾಗಿ ಅದರ ಸಾಕೆಟ್ಟನ್ನು ಇನ್ವರ್ಟರಿನ ಲೈನಿಗೆ ಜೋಡಿಸಿಕೊಂಡಿದ್ದೇವೆ. ಇನ್ವರ್ಟರ್ ಇಲ್ಲದವರು ಮನೆಯಲ್ಲಿ ಜನರಿರುವ ದಿನವೇ ಹಚ್ಚಬೇಕು. ಕರೆಂಟ್ ಹೋದರೆ ಕಾಯದೆ ಗ್ಯಾಸಿನ ಮೇಲಿನ ಪಾತ್ರೆಗೆ ವರ್ಗಾಯಿಸಿ. ಪಿಂಗಾಣಿಯನ್ನೇ ಉರಿಯ ಮೇಲಿಟ್ಟರೆ ಬಿರುಕು ಬಿಡುತ್ತದೆ. ತಿರುಗಿಸುವ ಗುಂಡಿಯ ಮಾದರಿ ಕರೆಂಟ್ ಬಂದ ಮೇಲೆ ತಾನೇ ಮತ್ತೆ ಕಾಯುತ್ತದೆ, ಡಿಜಿಟಲ್ ಮಾದರಿಗಳು ಅನೇಕವು ಆರಿಯೇ ಇರುತ್ತವೆ. ಮೊದಲನೆಯದೇ ಹೆಚ್ಚು ಮೋಸದ್ದು: ಸಂಜೆ ಬಂದು ನೋಡಿದಾಗ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ, ನಡುವೆ ಮೂರು ಗಂಟೆ ತಣ್ಣಗಿದ್ದದ್ದು ಗೊತ್ತಾಗುವುದಿಲ್ಲ. ಪಕ್ಕದ ಮನೆಯವರನ್ನು ಕೇಳಿ. ಬೇಯುವ ಮೊದಲೇ ಅಷ್ಟು ಹೊತ್ತು ಹೋಗಿತ್ತು ಎಂದರೆ ಚೆಲ್ಲಿಬಿಡಿ.

ಪುಂಡಿಪಲ್ಲೆ, ಎಂದರೆ ಗೋಂಗುರ ಸೊಪ್ಪು, ಸಿಗುವ ದಿನಗಳಲ್ಲಿ ಗಸಗಸೆ, ಮೊಸರು ಬಿಟ್ಟು ಅದನ್ನು ಹಾಕುತ್ತೇನೆ. ಸೊಪ್ಪನ್ನು ಹಸಿಮೆಣಸಿನಕಾಯಿ ಜೊತೆ ಬೇರೆಯೇ ಬಾಡಿಸಿ ಅರೆದು, ಜೋಳದ ರೊಟ್ಟಿ ಬಡಿಯಲು ಕೂರುವ ಹೊತ್ತಿಗೆ ಪಾತ್ರೆಗೆ ಬೆರೆಸಿದರೆ ರೊಟ್ಟಿಯ ಬುಟ್ಟಿ ತುಂಬುವಷ್ಟರಲ್ಲಿ ಹುಳಿ ಹಿಡಿದಿರುತ್ತದೆ. ಉಳಿದದ್ದನ್ನು ಪಿಂಗಾಣಿಯಲ್ಲೇ ಬಿಡುವುದಿಲ್ಲ. ಆ ದಪ್ಪ ಗೋಡೆ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಅಗಲವಾದ ಸ್ಟೀಲ್ ಡಬ್ಬಿಗೆ ಹಾಕಿ, ತಣ್ಣೀರಿನ ಪರಾತದಲ್ಲಿ ಕೂರಿಸಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸುತ್ತೇನೆ. ಮರುದಿನ ಬಿಸಿ ಮಾಡುವುದು ಗ್ಯಾಸಿನ ಮೇಲೆ, ಚೆನ್ನಾಗಿ ಕುದಿ ಬರುವವರೆಗೆ.