ಸೋತು ಕೂತ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಿಗೆ ಕೋಚ್ ಆಗಿ ಹೋದ್ರೆ ಎಂತ ಮಾಡುದು

ನಮ್ಮ ಕಾಸರಗೋಡಿನಲ್ಲಿ ಕಬಡ್ಡಿಗೆ, ವಾಲಿಬಾಲಿಗೆ, ಫುಟ್‌ಬಾಲಿಗೆ ಮಕ್ಳು ಅವ್ರಾಗೇ ಬರ್ತಾರೆ, ಬಾಸ್ಕೆಟ್‌ಬಾಲಿಗೆ ಮಾತ್ರ ಕರ್ಕೊಂಡು ಬರ್ಬೇಕು. ಅದ್ರಲ್ಲೂ ಟೀಮ್ ಎರಡ್ಮೂರು ವರ್ಷ ಸೋತು, ಹಳೆ ಕೋಚ್ ಬಿಟ್ಟು ಹೋಗಿ, ಆ ಜಾಗಕ್ಕೆ ನಿಮ್ಮನ್ನು ಹಾಕಿದ್ದಾರೆ ಅಂತಾದ್ರೆ ಇದನ್ನು ಓದಿ. ನಾನು ಹಾಗೆ ಸೇರಿ ಮೂರು ಮಳೆಗಾಲ ಆಯ್ತು, ಮಾಡಿದ ಎಡವಟ್ಟೆಲ್ಲ ನೆನಪುಂಟು.

ಮೊದಲ್ನೇ ಎಡವಟ್ಟು ಯೂಟ್ಯೂಬ್ ನೋಡಿ ಏಳು ಪ್ಲೇ (ಯಾರು ಎಲ್ಲಿ ಓಡ್ಬೇಕು, ಯಾರಿಗೆ ಪಾಸ್ ಅಂತ ಮೊದ್ಲೇ ಹಾಕಿದ ಪ್ಲಾನ್) ಬರ್ಕೊಂಡು ಹೋಗಿದ್ದು. ಒಂದು ವಾರ ಬೊಬ್ಬೆ ಹಾಕಿ ಕಲಿಸಿದೆ, ಮ್ಯಾಚಲ್ಲಿ ನೋಡಿದ್ರೆ ಸೈಡಿಂದ ಬಾಲ್ ಒಳಗೆ ಹಾಕ್ಲಿಕ್ಕೇ ಆಗ್ತಿಲ್ಲ, ಯಾರು ಎಲ್ಲಿ ಓಡ್ಬೇಕು ಅಂತ ಮುಖ ಮುಖ ನೋಡುವಷ್ಟರಲ್ಲಿ 5 ಸೆಕೆಂಡ್ ಮುಗಿದು ರೆಫ್ರಿ ಪೀಪಿ ಊದಿ ಬಾಲ್ ಆಚೆಯವ್ರಿಗೆ. ಹಾಗಾಗಿ ಹೇಳುದು, ಮೊದಲ ಎರಡು ವಾರ ಏನೂ ಹೊಸತು ಕಲಿಸ್ಬೇಡಿ, ಅವ್ರನ್ನು ಅವ್ರಷ್ಟಕ್ಕೆ ಆಡ್ಲಿಕ್ಕೆ ಬಿಟ್ಟು ನೀವು ಒಂದು ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ. ಮೂರೇ ಲೆಕ್ಕ ಸಾಕು: ಬಾಲ್ ಕಳ್ಕೊಂಡದ್ದು ಯಾರು, ರಿಬೌಂಡ್ (ಶಾಟ್ ತಪ್ಪಿ ವಾಪಸ್ ಬಂದ ಬಾಲ್) ಬಿಟ್ಟದ್ದು ಯಾರು, ಬಾಲ್ ಹೋದ್ಮೇಲೆ ವಾಪಸ್ ಓಡದೆ ನಿಂತದ್ದು ಯಾರು. ಪಾಯಿಂಟ್ ಯಾರು ಹಾಕಿದ್ರು ಅಂತ ಬರೀಲಿಕ್ಕೆ ಹೋಗ್ಬೇಡಿ, ಅದು ಎಲ್ಲರಿಗೂ ಬಾಯಿಪಾಠ ಇರ್ತದೆ.

ಹಳೆ ಕೋಚಿನ ಬಗ್ಗೆ ಒಂದಕ್ಷರ ಕೆಟ್ಟದು ಮಾತಾಡ್ಬೇಡಿ. ಫೈನಲ್ ಇಯರಿನವ್ರು ಅವ್ರ ಕೈಯಲ್ಲೇ ಕಲಿತವ್ರಲ್ವಾ.

ಇನ್ನು "ಈ ಸಲ ಕಪ್ ಬರ್ತದಾ" ಅಂತ ಸ್ಟಾಫ್ ರೂಮಲ್ಲಿ ಕೇಳುವವ್ರು ಇದ್ದೇ ಇರ್ತಾರೆ. ಅವ್ರಿಗೆ ಅಮೆರಿಕದ ಡ್ಯೂಕ್ ಯೂನಿವರ್ಸಿಟಿ ಕಥೆ ಹೇಳಿ. ಕೋಚ್ ಕೆ ಅಂತ ಎಲ್ಲರೂ ಕರೆಯುವ ಮೈಕ್ ಶಶೆಫ್‌ಸ್ಕಿ 1980ರಲ್ಲಿ ಅಲ್ಲಿಗೆ ಬಂದ್ರು, ಎರಡ್ನೇ ಸೀಸನ್ 10 ಗೆದ್ದು 17 ಸೋಲು, ಮೂರ್ನೇದು 11 ಗೆದ್ದು 17 ಸೋಲು, ಮೊದಲ ಚಾಂಪಿಯನ್‌ಶಿಪ್ ಬಂದದ್ದು 1991ರಲ್ಲಿ. ನಮ್ಮಲ್ಲಿ ಅಷ್ಟು ವರ್ಷ ಯಾರೂ ಕಾಯುದಿಲ್ಲ, ಆದ್ರೂ ಒಂದು ವರ್ಷ ತಳ್ಳಬಹುದು.

ಟೈಮಿನ ವಿಷಯ. ನಾನು ಸಂಜೆ ಎರಡು ಗಂಟೆ ಹೊತ್ತು ಪ್ರಾಕ್ಟೀಸ್ ಇಟ್ಟಿದ್ದೆ, ಮುಳ್ಳೇರಿಯಾ ಕಡೆಯ ಒಬ್ಬ ಹುಡುಗ ದಿನಾ ಅರ್ಧಕ್ಕೆ ಬ್ಯಾಗ್ ಹಾಕ್ಕೊಂಡು ನುಸುಳ್ತಿದ್ದ, ನಾನು ಎಲ್ಲರೆದ್ರೇ ಬೈದೆ. ಆಮೇಲೆ ಗೊತ್ತಾಯ್ತು, ಆ ಬಸ್ ತಪ್ಪಿದ್ರೆ ಮತ್ತಿನ ಬಸ್ಸಲ್ಲಿ ಇಳಿದು ತೋಟದ ದಾರಿಯಲ್ಲಿ ಮೊಬೈಲ್ ಲೈಟ್ ಹಿಡ್ಕೊಂಡು ಮುಕ್ಕಾಲು ಗಂಟೆ ನಡೀಬೇಕು. ನನಗೇ ನಾಚಿಕೆ ಆಯ್ತು ಮಾರಾಯ್ರೆ. ಈಗ ಕ್ಲಾಸ್ ಬಿಟ್ಟ ಕೂಡ್ಲೇ 55 ನಿಮಿಷ, ಭಾಷಣ ಇಲ್ಲ, ನೀರು ಕುಡೀಲಿಕ್ಕೆ ಎರಡು ಸಲ ಬಿಡುದು, ಅಷ್ಟೇ. ಪೆರ್ಲ, ಬದಿಯಡ್ಕ, ಬಂದಡ್ಕದವ್ರ ಬಸ್ ಟೈಮ್ ಕೇಳ್ಕೊಂಡೇ ಪ್ರಾಕ್ಟೀಸ್ ಟೈಮ್ ಬರೀರಿ.

ನಂಗೆ ಜಾಸ್ತಿ ಹೇಳ್ಲಿಕ್ಕಿರುದು ಭಾಷೆ ಬಗ್ಗೆ. ನಮ್ಮ ಟೀಮಲ್ಲಿ ಒಬ್ಬನ ಮನೇಲಿ ಮಲಯಾಳ, ಒಬ್ಬನದ್ದು ತುಳು, ಒಬ್ಬನದ್ದು ಬ್ಯಾರಿ, ಇಬ್ಬರು ಹವ್ಯಕರು, ಒಬ್ಬ ಕೊಂಕಣಿ. ಕ್ಯಾಂಟೀನಲ್ಲಿ ಎಲ್ಲರಿಗೂ ಎಲ್ಲ ಅರ್ಥ ಆಗ್ತದೆ, ಡಿಫೆನ್ಸಲ್ಲಿ ಉಸಿರು ಬಿಡುವಾಗ ಆಗುದಿಲ್ಲ. ಒಂದ್ಸಲ ತುಳು ಹುಡುಗ "ಪತ್ತ್ ಪತ್ತ್" ಅಂತ ಬೊಬ್ಬೆ ಹಾಕಿದ, ಅಂದ್ರೆ ಅವನನ್ನು ಹಿಡಿ ಅಂತ. ಮಲಯಾಳದವನಿಗೆ ಪತ್ತ್ ಅಂದ್ರೆ ಹತ್ತು, ಅವ ಎದ್ರು ಟೀಮಿನ 10ನೇ ನಂಬರ್ ಜೆರ್ಸಿ ಹುಡುಕಿ ಆ ಕಡೆ ಓಡಿದ, ಬಾಲ್ ಇದ್ದವ ಆರಾಮಾಗಿ ರಿಂಗಿನ ಹತ್ರಕ್ಕೇ ಓಡಿ ಲೇಅಪ್ ಹಾಕಿ ಹೋದ. ಅವತ್ತಿಂದ ಕೋರ್ಟಲ್ಲಿ ನಾಲ್ಕೇ ಶಬ್ದ: ಬಾಲ್, ಹೆಲ್ಪ್, ಸ್ವಿಚ್ (ನೀ ನನ್ನವನನ್ನು ಹಿಡಿ, ನಾ ನಿನ್ನವನನ್ನು), ಶಾಟ್. ಬೈಯ್ಲಿಕ್ಕೆ ಯಾವ ಭಾಷೆ ಬೇಕಾದ್ರೂ ಬಳಸಿ. ನಾಲ್ಕು ಜನ ಅಟ್ಯಾಕ್ ನಾಲ್ಕು ಜನ ಡಿಫೆನ್ಸ್ ನಿಲ್ಲಿಸಿ, ಬಾಲ್ ಕಸಿಯುವ ಹಾಗಿಲ್ಲ, ಪಾಸ್ ಹೋದ ಹಾಗೆ ಜಾಗ ಬದಲಿಸಿ ಬಾಯಿಬಿಟ್ಟು ಹೇಳ್ಬೇಕು, ಯಾರಾದ್ರೂ ಸುಮ್ಮನೆ ನಿಂತ್ರೆ ಎದುರಿನವ್ರಿಗೆ ಒಂದು ಪಾಯಿಂಟ್. ಎರಡು ವಾರದಲ್ಲಿ ಗಲಾಟೆ ಶುರುವಾಗ್ತದೆ, ಆ ಗಲಾಟೆ ಕೇಳ್ತಿದ್ರೆ ಸರಿದಾರಿಯಲ್ಲಿ ಉಂಟು ಅಂತ ಲೆಕ್ಕ.

ಅಟ್ಯಾಕಿಗೆ ಒಂದೇ ಸಾಕು. ರಿಂಗ್ 3.05 ಮೀಟರ್ ಮೇಲೆ, ನಮ್ಮಲ್ಲಿ ಉದ್ದದ ಹುಡುಗ್ರು ಕಡಿಮೆ, ಹಾಗಾಗಿ ಐದೂ ಜನ ಹೊರಗೆ ನಿಂತು ಪಾಸ್ ಮಾಡಿದವ ರಿಂಗಿನ ಕಡೆ ಓಡುದು, ಖಾಲಿಯಾದ ಜಾಗಕ್ಕೆ ಪಕ್ಕದವ ಬರುದು. ಎಲ್ಲ ಶಾಟ್ ತಾನೇ ಹೊಡೆಯುವ ಒಬ್ಬ ಸೀನಿಯರ್ ಪ್ರತಿ ಟೀಮಲ್ಲೂ ಇರ್ತಾನೆ, ಅವನನ್ನು ಬೆಂಚಿಗೆ ಹಾಕಿದ್ರೆ ಟೀಮ್ ಎರಡಾಗ್ತದೆ, ಬದಲಿಗೆ ಫಸ್ಟ್ ಇಯರಿನ ಇಬ್ಬರನ್ನು ಅವನ ಕೈಗೆ ಕೊಟ್ಟು "ಇವ್ರ ಶಾಟ್ ನೀ ಸರಿ ಮಾಡು" ಅನ್ನಿ. ನನ್ನ ಆಸಾಮಿ ಒಂದು ತಿಂಗಳಲ್ಲಿ ಪಾಸ್ ಕೊಡ್ಲಿಕ್ಕೆ ಶುರು ಮಾಡಿದ.

ಮಳೆಗಾಲ ಬಂದ್ರೆ ಸಿಮೆಂಟ್ ಕೋರ್ಟಲ್ಲಿ ಪಾಚಿ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಒಣಗದೆ ಒಬ್ಬನನ್ನೂ ಇಳಿಸ್ಬೇಡಿ, ಕಾಲು ಉಳುಕಿದ್ರೆ ಸೀಸನ್ನೇ ಹೋಯ್ತು. ಟೀಮ್ ಕಟ್ಟುದು ಈ ನಾಲ್ಕು ತಿಂಗಳಲ್ಲೇ ಅಂತ ನನ್ನ ಅಭಿಪ್ರಾಯ. ಜಗಲಿಯಲ್ಲಿ ಡ್ರಿಬಲ್, ಡಿಫೆನ್ಸ್ ಸ್ಲೈಡ್ (ಬಗ್ಗಿ ಅಡ್ಡಡ್ಡ ಸರಿಯುದು), ಬಾಕ್ಸ್ ಔಟ್ (ರಿಬೌಂಡಿಗೆ ಎದುರಿನವನನ್ನು ಬೆನ್ನಲ್ಲಿ ತಡೆಯುದು) ಮಾಡ್ಲಿಕ್ಕೆ ರಿಂಗ್ ಯಾಕೆ? ಪಿವಟ್ (ಒಂದು ಕಾಲು ಊರಿ ಅದ್ರ ಮೇಲೇ ತಿರುಗುದು) ಕೂಡ ಅಲ್ಲೇ ಕಲಿಸಿ, ನಮ್ಮಲ್ಲಿ ಯಕ್ಷಗಾನದಲ್ಲಿ ಧೀಂಗಣ (ಹಾರಿ ಹಾರಿ ಸುತ್ತು ತಿರುಗುದು) ಹಾಕುವ ಹುಡುಗ ಒಬ್ಬ ಇದ್ದ, ಉಳಿದವ್ರು ವಾರ ತೆಗೊಂಡದ್ದನ್ನು ಅವ ಒಂದೇ ದಿನದಲ್ಲಿ ಕಲಿತ. ಜೋರು ಮಳೆ ಬಂದ್ರೆ ಕ್ಲಾಸ್‌ರೂಮಲ್ಲಿ ರೂಲ್ಸ್ ಕೇಳಿ: ಶಾಟಿಗೆ 24 ಸೆಕೆಂಡ್, ಬಾಲ್ ರಿಂಗಿಗೆ ತಾಗಿ ರಿಬೌಂಡ್ ನಮಗೇ ಸಿಕ್ಕಿದ್ರೆ ಮತ್ತೆ 14, ಒಂದು ಕ್ವಾರ್ಟರಲ್ಲಿ ಟೀಮಿನ ಐದನೇ ಫೌಲಿಂದ ಎದುರಿನವ್ರಿಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬಾರದ ಶಾಟ್). ಈ ಕೊನೆದು ಗೊತ್ತಿಲ್ದೇ ಮಧ್ಯ ಕೋರ್ಟಲ್ಲಿ ಸುಮ್ಮನೆ ಕೈ ಹಾಕಿ ನಾವು ಎರಡು ಮ್ಯಾಚ್ ಕೊಟ್ಟು ಬಂದಿದ್ದೇವೆ.

ಸಾಕ್ಸ್ ಬಗ್ಗೆ ನಗ್ಬೇಡಿ. ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ 10 ಚಾಂಪಿಯನ್‌ಶಿಪ್ ಗೆದ್ದ ಕೋಚ್ ಜಾನ್ ವುಡನ್ ಸೀಸನ್ನಿನ ಮೊದಲ್ನೇ ದಿನ ಕಲಿಸ್ತಿದ್ದದ್ದು ಸುಕ್ಕಿಲ್ಲದ ಹಾಗೆ ಸಾಕ್ಸ್ ಹಾಕುದು, ಶೂ ಲೇಸ್ ಬಿಗಿ ಕಟ್ಟುದು. ಒದ್ದೆ ಸಾಕ್ಸಲ್ಲಿ ಓಡಿ ಕಾಲಲ್ಲಿ ಗುಳ್ಳೆ ಎದ್ದು ನಾಲ್ಕು ದಿನ ಮನೇಲಿ ಕೂರುವ ಊರು ನಮ್ಮದು, ಬ್ಯಾಗಲ್ಲಿ ಒಂದು ಜೊತೆ ಒಣಗಿದ್ದು ಇರ್ಲೇಬೇಕು ಅಂತ ಹೇಳಿ.

ಮಳೆ ನಿಂತ್ಮೇಲೆ ಫ್ರೆಂಡ್ಲಿ ಮ್ಯಾಚಿಗೆ ಮಂಗ್ಳೂರಿಗೋ ಕಣ್ಣೂರಿಗೋ ರೈಲು ಹತ್ತಿಸಿ, ನಿಮಗಿಂತ ಸ್ವಲ್ಪ ಜೋರಿರುವವ್ರನ್ನೇ ಹುಡುಕಿ. ಸ್ಕೋರ್ ನೋಡ್ಬೇಡಿ, ಅದೇ ನೋಟ್‌ಬುಕ್ ತೆಗ್ದು ಮೊದಲ ವಾರದ ಪೇಜಿನ ಪಕ್ಕ ಇಡಿ, ವಾಪಸ್ ಬರುವ ರೈಲಲ್ಲಿ ಮಕ್ಳ ಕೈಗೇ ಕೊಡಿ, ಅವ್ರೇ ಎಣಿಸ್ಲಿ.

ಮತ್ತೆ ದಿನಾ ಬಸ್ಸಿಗೆ ಹತ್ತು ನಿಮಿಷ ಮೊದ್ಲು ಪ್ರಾಕ್ಟೀಸ್ ನಿಲ್ಲಿಸಿ ಬಾಲ್ ಲೆಕ್ಕ ಮಾಡಿ ಒಳಗಿಡ್ಸಿ. ಒಂದು ಕಮ್ಮಿ ಬಂದ್ರೆ ಚರಂಡಿಯಲ್ಲಿ ಇರ್ತದೆ.