ಬ್ಲ್ಯಾಕ್‌ಜ್ಯಾಕ್: ಡೀಲರ್‌ನ ಎಲೆ ನೋಡಿ ಲೆಕ್ಕದಿಂದ ಆಡುವ ಬಗೆ

ಬ್ಲ್ಯಾಕ್‌ಜ್ಯಾಕ್‌ನಲ್ಲಿ ನಿಮ್ಮ ಎಲೆಗಳ ಮೊತ್ತ 21 ದಾಟದೆ, ಕ್ಯಾಸಿನೊ ಪರ ಆಡುವ ಡೀಲರ್‌ನ ಮೊತ್ತವನ್ನು ಮೀರಿಸಬೇಕು. ಕೈಯಲ್ಲಿ 16 ಇದೆ ಅಂದರೆ ಅದು ಅರ್ಧ ಮಾಹಿತಿ ಮಾತ್ರ. ಡೀಲರ್ ಮುಂದೆ ತೆರೆದಿರುವ ಎಲೆ 6 ಆದರೆ ಆ 16ಕ್ಕೆ ಒಂದು ಉತ್ತರ, 10 ಆದರೆ ಬೇರೆಯೇ ಉತ್ತರ. ನಿಮ್ಮ ಕೈಯ ಮೊತ್ತಕ್ಕೂ ಡೀಲರ್‌ನ ಎಲೆಗೂ ಹೊಂದಿಸಿ, ಪ್ರತಿ ಸಂದರ್ಭದಲ್ಲೂ ಯಾವ ನಡೆಯಿಂದ ಹೆಚ್ಚು ಲಾಭ ಅಥವಾ ಕಡಿಮೆ ನಷ್ಟ ಎಂದು ಲೆಕ್ಕ ಹಾಕಿಟ್ಟ ಪಟ್ಟಿಯೇ ಬೇಸಿಕ್ ಸ್ಟ್ರಾಟಜಿ. 1956ರಲ್ಲಿ ರೋಜರ್ ಬಾಲ್ಡ್‌ವಿನ್ ಮತ್ತು ಮೂವರು ಸಂಗಡಿಗರು ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಬಳಸಿ ಇದನ್ನು ಮೊದಲು ಪ್ರಕಟಿಸಿದರು. ಆಮೇಲೆ ಎಡ್ವರ್ಡ್ ಥಾರ್ಪ್ ಐಬಿಎಂ 704 ಕಂಪ್ಯೂಟರ್‌ನಲ್ಲಿ ಅದನ್ನು ಇನ್ನಷ್ಟು ನಿಖರ ಮಾಡಿದರು.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ಈ ಪಟ್ಟಿಯನ್ನು ಒಂದಿಷ್ಟೂ ತಪ್ಪದೆ ಆಡಿದರೂ ಒಳ್ಳೆಯ ನಿಯಮಗಳ ಮೇಜಿನಲ್ಲಿ ಸುಮಾರು ಅರ್ಧ ಶೇಕಡಾ ಅನುಕೂಲ ಕ್ಯಾಸಿನೊ ಕಡೆಗೇ ಉಳಿಯುತ್ತದೆ. ಡೀಲರ್‌ನಂತೆಯೇ 17 ಆಗುವವರೆಗೆ ಎಲೆ ಎಳೆಯುತ್ತಾ ಹೋದರೆ ಅದು ಐದು ಶೇಕಡಾ ದಾಟುತ್ತದೆ. ಲೆಕ್ಕ ಕಲಿತರೆ ನಷ್ಟ ಇಷ್ಟು ತಗ್ಗುತ್ತದೆ, ಆದರೆ ಆಟ ಸಂಪಾದನೆಯ ದಾರಿ ಆಗುವುದಿಲ್ಲ.

ಕೂರುವ ಮೊದಲು ಮೇಜಿನ ಮೇಲೆ ಬರೆದಿರುವುದನ್ನು ಓದಿ. ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗಳಲ್ಲಿ ಎಕ್ಕ ಮತ್ತು 10ರ ಬೆಲೆಯ ಎಲೆ) ಬಂದರೆ 3:2ರ ಲೆಕ್ಕವೋ, 6:5ರ ಲೆಕ್ಕವೋ? 10ರ ಪಣಕ್ಕೆ ಮೊದಲನೆಯದರಲ್ಲಿ 15 ಸಿಕ್ಕರೆ ಎರಡನೆಯದರಲ್ಲಿ 12 ಮಾತ್ರ. ಬ್ಲ್ಯಾಕ್‌ಜ್ಯಾಕ್ ಬರುವುದು ಸುಮಾರು 21 ಕೈಗಳಿಗೆ ಒಮ್ಮೆ. ಆದರೂ ಈ 3ರ ವ್ಯತ್ಯಾಸ ಒಟ್ಟು ಪಣದ ಮೇಲೆ ಸುಮಾರು 1.4 ಶೇಕಡಾ ಹೆಚ್ಚುವರಿ ನಷ್ಟ ತರುತ್ತದೆ. ಬೇಸಿಕ್ ಸ್ಟ್ರಾಟಜಿ ಕಲಿಯಲು ಪಟ್ಟ ಶ್ರಮದ ದೊಡ್ಡ ಪಾಲು ಅಲ್ಲೇ ಕರಗಿಹೋಗುತ್ತದೆ. ಅಂಥ ಮೇಜಿನಲ್ಲಿ ಕೂರಬೇಡಿ. ಡೀಲರ್ ಸಾಫ್ಟ್ 17ರಲ್ಲಿ (ಎಕ್ಕವನ್ನು 11 ಎಂದು ಎಣಿಸಿ ಬಂದ 17) ನಿಲ್ಲುತ್ತಾನೋ, ಇನ್ನೊಂದು ಎಲೆ ಎಳೆಯುತ್ತಾನೋ ಎಂಬುದನ್ನೂ ನೋಡಿ. ಎಳೆದರೆ ನಿಮಗೆ ಸುಮಾರು 0.2 ಶೇಕಡಾ ನಷ್ಟ. ಇಲ್ಲಿ ಕೊಡುವ ನಿಯಮಗಳು ಆರು ಕಟ್ಟು ಎಲೆ, ಡೀಲರ್ ಎಲ್ಲ 17ರಲ್ಲೂ ನಿಲ್ಲುವುದು, ಸ್ಪ್ಲಿಟ್ (ಒಂದೇ ಬೆಲೆಯ ಜೋಡಿಯನ್ನು ಎರಡು ಕೈಗಳಾಗಿ ಒಡೆಯುವುದು) ಆದಮೇಲೂ ಡಬಲ್ (ಪಣ ಇಮ್ಮಡಿಸಿ ಇನ್ನೊಂದೇ ಎಲೆ ಪಡೆಯುವುದು) ಮಾಡಲು ಅವಕಾಶ ಎಂಬ ಷರತ್ತುಗಳಿಗೆ ಹೊಂದುತ್ತವೆ.

ಇಡೀ ಪಟ್ಟಿಯ ಬೇರು ಒಂದೇ: ತೆರೆದ ಎಲೆ ಯಾವುದಿದ್ದಾಗ ಡೀಲರ್ ಎಷ್ಟು ಸಲ ಬಸ್ಟ್ ಆಗುತ್ತಾನೆ, ಅಂದರೆ 21 ದಾಟಿ ಸೋಲುತ್ತಾನೆ, ಎಂಬುದು. 2 ಇದ್ದರೆ ಸುಮಾರು 35 ಶೇಕಡಾ, 4 ಇದ್ದರೆ 40, 5 ಅಥವಾ 6 ಇದ್ದರೆ 42ರ ಆಸುಪಾಸು. 7ಕ್ಕೆ ಬಂದ ಕೂಡಲೇ ಅದು 26ಕ್ಕೆ ಕುಸಿಯುತ್ತದೆ. 6 ಮತ್ತು 7ರ ನಡುವಿನ ಈ ಗೆರೆ ಮನಸ್ಸಿನಲ್ಲಿ ನಿಂತರೆ ಹಾರ್ಡ್ ಕೈಗಳ ನಿಯಮ, ಅಂದರೆ ಎಕ್ಕವನ್ನು 11 ಎಂದು ಎಣಿಸಲಾಗದ ಕೈಗಳ ನಿಯಮ, ತಾನಾಗಿಯೇ ಬರುತ್ತದೆ. 17 ಅಥವಾ ಹೆಚ್ಚಿದ್ದರೆ ಸ್ಟ್ಯಾಂಡ್ (ಎಲೆ ಎಳೆಯದೆ ನಿಲ್ಲುವುದು). 13ರಿಂದ 16ರವರೆಗೆ, ಡೀಲರ್‌ದು 2ರಿಂದ 6 ಆದರೆ ಸ್ಟ್ಯಾಂಡ್, 7ರಿಂದ ಎಕ್ಕದವರೆಗೆ ಹಿಟ್ (ಇನ್ನೊಂದು ಎಲೆ ಎಳೆಯುವುದು). 12ಕ್ಕೆ ಮಾತ್ರ ಬೇರೆ ನಿಯಮ: 4, 5, 6ರ ಎದುರು ಸ್ಟ್ಯಾಂಡ್, ಉಳಿದದ್ದಕ್ಕೆಲ್ಲ ಹಿಟ್.

ಈ 12ರಲ್ಲಿ ಎಡವುವವರು ಬಹಳ. ಡೀಲರ್‌ದು 2 ಎಂದುಕೊಳ್ಳಿ. ಹದಿಮೂರು ಬಗೆಯ ಎಲೆಗಳಲ್ಲಿ 10ರ ಬೆಲೆಯವು ನಾಲ್ಕು: 10, ಗುಲಾಮ, ರಾಣಿ, ರಾಜ. ನಿಮ್ಮನ್ನು ಬಸ್ಟ್ ಮಾಡುವುದು ಆ ನಾಲ್ಕೇ. 5ರಿಂದ 9ರವರೆಗಿನ ಐದು ಬಗೆ ನಿಮ್ಮನ್ನು ನೇರವಾಗಿ 17ರಿಂದ 21ಕ್ಕೆ ಒಯ್ಯುತ್ತವೆ. 100ರ ಪಣಕ್ಕೆ ನಿಂತರೆ ಸರಾಸರಿ ನಷ್ಟ ಸುಮಾರು 29, ಎಳೆದರೆ ಸುಮಾರು 25. ಎರಡೂ ನಷ್ಟವೇ, ಆದರೆ ಎಳೆದಾಗ ನಾಲ್ಕು ಉಳಿಯುತ್ತದೆ. 7ರ ಎದುರು 16 ಬಂದಾಗಲೂ ಇದೇ ಮಾತು. ಬಸ್ಟ್ ಆಗುವ ಭಯಕ್ಕೆ ಜನ ನಿಂತುಬಿಡುತ್ತಾರೆ. ನಿಂತ 16 ಗೆಲ್ಲುವುದು ಡೀಲರ್ ಬಸ್ಟ್ ಆದಾಗ ಮಾತ್ರ, ಅದು ನಾಲ್ಕರಲ್ಲಿ ಒಂದು ಸಲಕ್ಕಿಂತ ತುಸು ಹೆಚ್ಚು, ಅಷ್ಟೇ. ಎಳೆಯಲೇಬೇಕು. 10ರ ಎದುರಿನ 16ರಲ್ಲಿ ಎಳೆದರೂ ನಿಂತರೂ ನಷ್ಟ ಹೆಚ್ಚುಕಡಿಮೆ 54. ಸರೆಂಡರ್ ಸೌಲಭ್ಯವಿದ್ದರೆ ಅರ್ಧ ಪಣ ಬಿಟ್ಟು ಎದ್ದರೆ ನಷ್ಟ 50ಕ್ಕೆ ನಿಲ್ಲುತ್ತದೆ. 9, 10, ಎಕ್ಕದ ಎದುರಿನ 16 ಮತ್ತು 10ರ ಎದುರಿನ 15, ಇಷ್ಟನ್ನೇ ಸರೆಂಡರ್ ಮಾಡಿ.

ನಷ್ಟವನ್ನು ತುಂಬಿಕೊಡುವುದು ಡಬಲ್, ಆದ್ದರಿಂದ ಇಲ್ಲಿ ಅಂಜಬಾರದು. 11 ಇದ್ದರೆ 2ರಿಂದ 10ರವರೆಗೆ ಎಲ್ಲದರ ಎದುರೂ ಡಬಲ್. 10 ಇದ್ದರೆ 2ರಿಂದ 9ರ ಎದುರು. 9 ಇದ್ದರೆ 3ರಿಂದ 6ರ ಎದುರು.

ಜೋಡಿಗಳಲ್ಲಿ ಎಕ್ಕ ಮತ್ತು 8 ಯಾವಾಗಲೂ ಸ್ಪ್ಲಿಟ್. 10 ಮತ್ತು 5 ಎಂದೂ ಬೇಡ. 5ರ ಜೋಡಿಯನ್ನು ಸಾದಾ 10 ಎಂದೇ ಆಡಿ. 2, 3, 7ರ ಜೋಡಿಗಳನ್ನು 2ರಿಂದ 7ರ ಎದುರು, 6ರ ಜೋಡಿಯನ್ನು 2ರಿಂದ 6ರ ಎದುರು, 4ರ ಜೋಡಿಯನ್ನು 5 ಮತ್ತು 6ರ ಎದುರು ಒಡೆಯಿರಿ. 9ರ ಜೋಡಿ ಸ್ವಲ್ಪ ವಿಚಿತ್ರ: 2ರಿಂದ 6, ಜೊತೆಗೆ 8 ಮತ್ತು 9ರ ಎದುರು ಒಡೆಯಬೇಕು, 7ರ ಎದುರು ಬೇಡ. ಅಲ್ಲಿ ಡೀಲರ್ 17ಕ್ಕೆ ಬಂದು ನಿಲ್ಲುವ ಸಾಧ್ಯತೆ ಹೆಚ್ಚು, ನಿಮ್ಮ 18 ಆಗಲೇ ಅದನ್ನು ಸೋಲಿಸುತ್ತದೆ. 10ರ ಎದುರು 8ರ ಜೋಡಿ ಒಡೆದು ಇನ್ನೊಂದು ಪಣ ಇಡುವಾಗ ಕೈ ಹಿಂಜರಿಯುತ್ತದೆ, ನಿಜ. ಆದರೆ ಒಡೆಯದೆ ಎಳೆದರೆ ನಷ್ಟ ಸುಮಾರು 54, ಒಡೆದರೆ ಎರಡೂ ಕೈ ಸೇರಿ ಸುಮಾರು 48.

ಸಾಫ್ಟ್ ಕೈಗಳನ್ನು ಕೊನೆಗೆ ಕಲಿಯಿರಿ, ಹೆಚ್ಚು ಮರೆಯುವುದು ಇವೇ. ಎಕ್ಕದ ಜೊತೆ 2 ಅಥವಾ 3 ಇದ್ದರೆ 5, 6ರ ಎದುರು ಡಬಲ್. 4 ಅಥವಾ 5 ಇದ್ದರೆ 4ರಿಂದ 6ರ ಎದುರು. 6 ಇದ್ದರೆ 3ರಿಂದ 6ರ ಎದುರು. ಉಳಿದಂತೆ ಇವೆಲ್ಲ ಹಿಟ್. ಎಕ್ಕ-7ಕ್ಕೆ ಮೂರು ಉತ್ತರ: 3ರಿಂದ 6ರ ಎದುರು ಡಬಲ್, 2, 7, 8ರ ಎದುರು ಸ್ಟ್ಯಾಂಡ್, 9, 10, ಎಕ್ಕದ ಎದುರು ಹಿಟ್. 18 ಅನ್ನುವುದು ಗೆಲ್ಲುವ ಕೈ ಎಂಬ ಭ್ರಮೆಯೇ ಇಲ್ಲಿ ಕೆಲಸ ಕೆಡಿಸುತ್ತದೆ. ಎಕ್ಕ-8, ಎಕ್ಕ-9 ಯಾವಾಗಲೂ ಸ್ಟ್ಯಾಂಡ್.

ಡೀಲರ್ ಎಕ್ಕ ತೋರಿಸಿದಾಗ ಇನ್ಶೂರೆನ್ಸ್, ಅಂದರೆ ಡೀಲರ್‌ಗೆ ಬ್ಲ್ಯಾಕ್‌ಜ್ಯಾಕ್ ಇದೆ ಎಂಬುದರ ಮೇಲೆ ಇಡುವ ಪ್ರತ್ಯೇಕ ಪಣ, ಬೇಕೇ ಎಂದು ಕೇಳುತ್ತಾರೆ. ಆರು ಕಟ್ಟಿನಲ್ಲಿ ಆ ಎಕ್ಕ ಬಿಟ್ಟರೆ 311 ಎಲೆ, ಅದರಲ್ಲಿ 10ರ ಬೆಲೆಯವು 96. 311 ಸಲ ಒಂದೊಂದು ಪಣ ಇಟ್ಟರೆ 96 ಸಲ ಎರಡೆರಡು ಬಂದು 192, ಹೋಗುವುದು 215. ಅಂದರೆ ಪ್ರತಿ 100ಕ್ಕೆ 7.4 ನಷ್ಟ. ನಿಮ್ಮ ಕೈಯಲ್ಲಿ ಬ್ಲ್ಯಾಕ್‌ಜ್ಯಾಕ್ ಇದ್ದು ಅವರು ಸಮ ಹಣ (100ಕ್ಕೆ 100) ಕೊಡಲು ಬಂದರೂ ಬೇಡವೆನ್ನಿ. ನಿರಾಕರಿಸಿದರೆ ಸರಾಸರಿ 100ಕ್ಕೆ ಸುಮಾರು 104 ಸಿಗುತ್ತದೆ.

ಸೋತಾಗಲೆಲ್ಲ ಪಣ ದ್ವಿಗುಣಗೊಳಿಸುವ ಉಪಾಯಕ್ಕೆ ಹೋಗಬೇಡಿ. 1ರಿಂದ ಶುರುಮಾಡಿ ಸತತ ಏಳು ಕೈ ಸೋತರೆ 127 ಹೋಗಿರುತ್ತದೆ, ಎಂಟನೆಯದಕ್ಕೆ 128 ಬೇಕು. ಅಷ್ಟರಲ್ಲಿ ಮೇಜಿನ ಮಿತಿ ಅಥವಾ ನಿಮ್ಮ ಹಣ ಮುಗಿದಿರುತ್ತದೆ. ಒಂದೇ ಪಣದಲ್ಲಿ 100 ಕೈ ಆಡಿದರೆ ಸರಾಸರಿ ನಷ್ಟ ಅರ್ಧ ಪಣ ಮಾತ್ರ, ಆದರೆ ಏರಿಳಿತ ಹನ್ನೊಂದು-ಹನ್ನೆರಡು ಪಣದಷ್ಟು ಇರುವುದು ಮಾಮೂಲು. ಹಾಗಾಗಿ ಒಂದು ಸಂಜೆ ಗೆದ್ದದ್ದರಿಂದ ನೀವು ಸರಿಯಾಗಿ ಆಡಿದಿರಿ ಎಂದಾಗಲಿ, ಸೋತದ್ದರಿಂದ ತಪ್ಪಾಗಿ ಆಡಿದಿರಿ ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ.

ಅಭ್ಯಾಸ ಹೀಗಿರಲಿ. ಒಂದು ಕಟ್ಟಿನಿಂದ 7 ತೆಗೆದು ಡೀಲರ್‌ನ ಎಲೆ ಎಂದಿಡಿ. ಉಳಿದದ್ದನ್ನು ಎರಡೆರಡಾಗಿ ತೆರೆಯುತ್ತಾ ಉತ್ತರ ಬಾಯಿಬಿಟ್ಟು ಹೇಳಿ. ಆಮೇಲೆ 10, 6, 2. ಕಲಸಿ ಹಂಚಿದರೆ ಸಾಫ್ಟ್ ಕೈ ಬರುವುದೇ ಅಪರೂಪ, ಆದ್ದರಿಂದ ಎಕ್ಕವೊಂದನ್ನು ನಿಮ್ಮ ಕೈಯಲ್ಲಿ ಖಾಯಂ ಇಟ್ಟು, ಜೊತೆಯ ಎಲೆ ಮತ್ತು ಡೀಲರ್‌ನ ಎಲೆ ಮಾತ್ರ ಬದಲಿಸಿ. ಪ್ರತಿ ಕೈಯಲ್ಲೂ ಯೋಚನೆಯ ಕ್ರಮ ಒಂದೇ: ಸರೆಂಡರ್ ಇದೆಯೇ, ಸ್ಪ್ಲಿಟ್ ಆಗುತ್ತದೆಯೇ, ಡಬಲ್ ಆಗುತ್ತದೆಯೇ, ಕೊನೆಗೆ ಹಿಟ್ ಅಥವಾ ಸ್ಟ್ಯಾಂಡ್. 8ರ ಜೋಡಿಗೆ ಮಾತ್ರ ಸರೆಂಡರ್ ಬಿಟ್ಟು ನೇರ ಸ್ಪ್ಲಿಟ್. ಎರಡು ಕಟ್ಟು ಮುಗಿಯುವವರೆಗೆ ಒಂದೂ ತಪ್ಪದೆ, ತಡವರಿಸದೆ ಹೇಳಲು ಬಂದ ಮೇಲೆ ಮಾತ್ರ ಎಲೆ ಎಣಿಕೆಗೆ (ಉಳಿದ ಎಲೆಗಳಲ್ಲಿ ದೊಡ್ಡವು ಹೆಚ್ಚಿವೆಯೇ ಎಂದು ತಿಳಿಯುವ ಲೆಕ್ಕಕ್ಕೆ) ಕೈಹಾಕಿ: 2ರಿಂದ 6ಕ್ಕೆ ಒಂದು ಕೂಡಿಸಿ, 7ರಿಂದ 9 ಬಿಟ್ಟುಬಿಡಿ, 10ರ ಬೆಲೆಯವಕ್ಕೂ ಎಕ್ಕಕ್ಕೂ ಒಂದು ಕಳೆಯಿರಿ. ಬಂದ ಸಂಖ್ಯೆಯನ್ನು ಉಳಿದಿರುವ ಕಟ್ಟುಗಳಿಂದ ಭಾಗಿಸಬೇಕು. ಪ್ರತಿ ಕೈಗೂ ಎಲೆ ಕಲಸುವ ಯಂತ್ರವಿರುವ ಕಡೆ ಇದರಿಂದ ಪ್ರಯೋಜನವಿಲ್ಲ. ಇಡೀ ಕಟ್ಟು ಎಣಿಸಿ ಮುಗಿದಾಗ ಉತ್ತರ ಸೊನ್ನೆ ಬರಬೇಕು. ಬರದಿದ್ದರೆ ಎಲ್ಲೋ ಎಲೆ ತಪ್ಪಿದೆ, ಕಟ್ಟು ಕಲಸಿ ಮೊದಲಿನಿಂದ ಎಣಿಸಿ.