ಕಾಳಿ ಅಳಿವೆಯ ಸಂಜೆಯನ್ನು ಪೇಂಟಿಂಗ್‌ನಂತೆ ಕಟ್ಟುವ ಬಗೆ

ಎಚ್‌ಡಿಆರ್ ಅಂದರೆ ಒಂದೇ ನೋಟವನ್ನು ಕಪ್ಪಗೆ, ಬೆಳ್ಳಗೆ ಹಲವು ಸಲ ತೆಗೆದು ಒಂದು ಚಿತ್ರವಾಗಿ ಜೋಡಿಸುವುದು. ಆ ಹೆಸರು ಕೇಳಿದ ಕೂಡಲೇ ಬಹಳ ಜನರಿಗೆ ಕಣ್ಣು ಕುಕ್ಕುವ ಹಸಿರು, ಗುಡ್ಡದ ಸುತ್ತ ಬಿಳಿ ಅಂಚು, ಬೂದಿ ಬಳಿದಂಥ ಮೋಡ ನೆನಪಾಗುತ್ತದೆ. ಸಿಕ್ಕಿದ ವಿವರವನ್ನೆಲ್ಲ ತುರುಕಲು ಹೋದರೆ ಹಾಗೇ ಆಗುವುದು. ನಾನು ಕಾರವಾರದಲ್ಲಿ ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಪಾಸ್‌ಪೋರ್ಟ್ ಫೋಟೊ ಹೊಟ್ಟೆಪಾಡಿಗೆ. ಹೋಮ್‌ಸ್ಟೇಗಳಿಗೆ ಕ್ಯಾನ್ವಾಸ್ ಮೇಲೆ ದೊಡ್ಡ ಚಿತ್ರ ಮಾಡಿಕೊಡುವುದು ನನ್ನ ಖುಷಿಗೆ. ಅಲ್ಲಿ ನನ್ನ ಲೆಕ್ಕ ಇಷ್ಟೇ: ಮೊದಲು ಬೆಳಕನ್ನು ಪೂರ್ತಿ ಹಿಡಿಯಿರಿ, ಆಮೇಲೆ ಬೇಡದ್ದನ್ನು ಕೈಬಿಡುತ್ತಾ ಹೋಗಿ.

ಜಾಗಕ್ಕೆ ಸದಾಶಿವಗಡದ ಗುಡ್ಡವನ್ನೇ ತೆಗೆದುಕೊಳ್ಳೋಣ. ಮೇಲಿಂದ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತದೆ, ದೇವಬಾಗದ ಗಾಳಿಮರಗಳು ಕಾಣುತ್ತವೆ, ಆಚೆ ಕೂರ್ಮಗಡ ದ್ವೀಪ. ಸಂಜೆ ಬೆಳಕು ಎದುರಿನಿಂದ ಬರುತ್ತದೆ. ಆಕಾಶ ಉರಿಯುತ್ತಿರುತ್ತದೆ, ಕೆಳಗೆ ಮರದ ನೆರಳು ಕಪ್ಪಗಿರುತ್ತದೆ. ಒಂದೇ ಫ್ರೇಮಿನಲ್ಲಿ ಎರಡೂ ಸರಿಯಾಗಿ ಬರುವುದು ಕಷ್ಟ. ಒಂದು ಮಾತು: ಡ್ರೋನ್ ತರುವ ಯೋಚನೆ ಬಿಡಿ. ಹತ್ತಿರದಲ್ಲೇ ನೌಕಾನೆಲೆ ಇದೆ, ಸುಮ್ನೆ ತಲೆನೋವು.

ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಮೋಡ ಇರುತ್ತದೆ, ನಡುವೆ ಬಿಸಿಲು ಇಣುಕುತ್ತದೆ. ಬೇಸಿಗೆಯ ಬೋಳು ಆಕಾಶಕ್ಕೆ ಎಚ್‌ಡಿಆರ್ ಮಾಡಿ ಏನೂ ಪ್ರಯೋಜನವಿಲ್ಲ.

ಟ್ರೈಪಾಡ್ ಇಲ್ಲದೆ ಹೊರಡಬೇಡಿ. ರಾ ಫೈಲ್ (ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಫೈಲ್), ಐಎಸ್ಒ 100, ಅಪರ್ಚರ್ (ಲೆನ್ಸಿನ ಬಾಯಿ) ಎಫ್/8 ಅಥವಾ ಎಫ್/11. ಫೋಕಸ್ ಒಮ್ಮೆ ಹಿಡಿದು ಮ್ಯಾನುಯಲ್‌ಗೆ ಹಾಕಿ. ವೈಟ್ ಬ್ಯಾಲೆನ್ಸ್ ಕೂಡ ಆಟೋದಲ್ಲಿ ಬಿಡಬೇಡಿ. ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡಿ. ಈಗ ಬ್ರಾಕೆಟಿಂಗ್, ಅಂದರೆ ಒಂದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆಯುವುದು: ಮೈನಸ್ 2, ಸೊನ್ನೆ, ಪ್ಲಸ್ 2 ಸ್ಟಾಪ್ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ). ಸೂರ್ಯನೇ ಚೌಕಟ್ಟಿನಲ್ಲಿದ್ದರೆ ಮೈನಸ್ 4ರಿಂದ ಪ್ಲಸ್ 4ರವರೆಗೆ ಐದು ಫ್ರೇಮ್. ಬದಲಾಗಬೇಕಾದದ್ದು ಶಟರ್ ಮಾತ್ರ. ಅಪರ್ಚರ್ ಬದಲಾದರೆ ಫ್ರೇಮಿನಿಂದ ಫ್ರೇಮಿಗೆ ಫೋಕಸಿನ ಆಳವೇ ಬೇರೆಯಾಗಿ ಜೋಡಣೆ ಕೆಡುತ್ತದೆ. ಹಿಸ್ಟೋಗ್ರಾಮ್ (ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಎಂದು ತೋರಿಸುವ ಕ್ಯಾಮೆರಾದ ನಕ್ಷೆ) ನೋಡಿ: ಅತಿ ಕಪ್ಪು ಫ್ರೇಮು ಬಲ ಅಂಚಿಗೆ ತಾಗಬಾರದು, ಅತಿ ಬಿಳಿ ಫ್ರೇಮು ಎಡ ಅಂಚಿಗೆ ತಾಗಬಾರದು. ನಡುನಡುವೆ ಲೆನ್ಸ್ ಒರೆಸುತ್ತಿರಿ. ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಕೂತರೆ ಸೂರ್ಯನ ಸುತ್ತ ಮಬ್ಬು ಬರುತ್ತದೆ.

ಮನೆಗೆ ಬಂದ ಮೇಲೆ ಜೋಡಿಸುವ ಕೆಲಸ. ಲೈಟ್‌ರೂಮ್ ಇದ್ದರೆ ಫೋಟೊ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿದರೆ ಸಾಕು. ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಎನ್‌ಫ್ಯೂಸ್ ಅನ್ನುವ ತಂತ್ರಾಂಶ ಇದೆ, ಉಚಿತ. ನನಗೆ ಈ ಎರಡನೆಯದೇ ಇಷ್ಟ. ಅದು 2007ರಲ್ಲಿ ಮರ್ಟೆನ್ಸ್, ಕೌಟ್ಸ್, ವಾನ್ ರೀತ್ ಎಂಬ ಸಂಶೋಧಕರು ತೋರಿಸಿಕೊಟ್ಟ ಎಕ್ಸ್‌ಪೋಶರ್ ಫ್ಯೂಷನ್ ದಾರಿಯಲ್ಲಿ ನಡೆಯುತ್ತದೆ. ಒಂದೊಂದು ಬಿಂದುವಿಗೂ ಯಾವ ಫ್ರೇಮಿನಲ್ಲಿ ಬೆಳಕು, ಬಣ್ಣ, ಕಾಂಟ್ರಾಸ್ಟ್ ಚೆನ್ನಾಗಿದೆಯೋ ಅದಕ್ಕೆ ಜಾಸ್ತಿ ತೂಕ ಕೊಟ್ಟು ಬೆರೆಸುತ್ತದೆ. ಟೋನ್ ಮ್ಯಾಪಿಂಗ್ (ಜೋಡಿಸಿದ ಬೆಳಕನ್ನೆಲ್ಲ ಪರದೆಯ ಮಿತಿಗೆ ಒತ್ತಿ ಕೂರಿಸುವುದು) ಜೋರಾಗಿ ಎಳೆದಾಗ ಬರುವ ಬಿಳಿ ಅಂಚು ಇಲ್ಲಿ ಕಡಿಮೆ. ಫೈಲನ್ನು 16 ಬಿಟ್‌ನಲ್ಲಿ ಉಳಿಸಿ. 8 ಬಿಟ್‌ನಲ್ಲಿ ಬಣ್ಣ ಎಳೆದರೆ ಆಕಾಶದಲ್ಲಿ ಪಟ್ಟೆ ಮೂಡುತ್ತದೆ.

ಬಂದ ಚಿತ್ರ ಬರೀ ಅಡಿಪಾಯ. ಅದರಲ್ಲಿ ಎರಡು ಕಡೆ ಕೆಟ್ಟಿರುತ್ತದೆ. ಒಂದು ನೀರು. ಅಲೆ ಒಂದು ಫ್ರೇಮಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ದೋಣಿಯೂ ಅಷ್ಟೇ, ಜೋಡಿಸಿದಾಗ ಒಂದೇ ದೋಣಿ ಮೂರಾಗುತ್ತದೆ. ಹಾಗಾಗಿ ನೀರನ್ನೂ ದೋಣಿಯನ್ನೂ ನಡುವಿನ ಒಂದೇ ಫ್ರೇಮಿನಿಂದ ತನ್ನಿ. ಫೋಟೊಶಾಪ್ ಆಗಲಿ ಗಿಂಪ್ ಆಗಲಿ, ಅದನ್ನು ಮೇಲಿನ ಲೇಯರ್ (ಪದರ) ಮಾಡಿ, ಅದನ್ನು ಪೂರ್ತಿ ಮರೆಮಾಡುವ ಕಪ್ಪು ಮಾಸ್ಕ್ ಹಾಕಿ. ಬೇಕಾದ ಕಡೆ ಬಿಳಿ ಬ್ರಷ್ಷಿನಿಂದ ತೆರೆಯುತ್ತಾ ಬನ್ನಿ.

ಇನ್ನೊಂದು ಗಾಳಿಮರ. ಗಾಳಿ ನಿಂತರೂ ಅದು ನಿಲ್ಲುವುದಿಲ್ಲ. ಇದಕ್ಕೆ ಮೈನಸ್ 2ರ ಫ್ರೇಮ್ ತೆಗೆದುಕೊಳ್ಳಿ, ಅದರ ಶಟರ್ ಬೇಗ ಮುಚ್ಚಿರುತ್ತದೆ, ಎಲೆ ಅಲುಗಿರುವುದಿಲ್ಲ. ಅದರ ರಾ ಫೈಲಿನ ಎಕ್ಸ್‌ಪೋಶರ್ ಎರಡು ಸ್ಟಾಪ್ ಏರಿಸಿ. ನಾಯ್ಸ್ (ಕಾಳು ಕಾಳು) ಬರುತ್ತದೆ, ಬರಲಿ. ಮುಂದೆ ಹೇಗೂ ಅದನ್ನು ಮೆತ್ತಗೆ ಮಾಡುವವರಿದ್ದೇವೆ.

ಈಗ ಆಕಾಶ. ಆ ಸಂಜೆಯ ಮೋಡ ಸಪ್ಪೆಯಾಗಿದ್ದರೆ ಬೇರೆ ಸಂಜೆಯದ್ದು ತರಬಹುದು. ಮೋಸ ಅನ್ನಬೇಡಿ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ್ದ. ಆದರೆ ಅಂತರ್ಜಾಲದಿಂದ ಎತ್ತಿದ ಆಕಾಶ ನನಗೆ ಆಗುವುದಿಲ್ಲ. ಅದೇ ಗುಡ್ಡ, ಅದೇ ದಿಕ್ಕು, ಅದೇ ಫೋಕಲ್ ಲೆಂತ್ ಇದ್ದರೆ ಮಾತ್ರ ಮೋಡದ ಗಾತ್ರವೂ ಬೆಳಕಿನ ಕೋನವೂ ಕೂಡುತ್ತವೆ. ಅದಕ್ಕೇ ಗುಡ್ಡಕ್ಕೆ ಹೋದಾಗೆಲ್ಲ ಬರೀ ಆಕಾಶವನ್ನೂ ಬ್ರಾಕೆಟ್ ಮಾಡಿ ಇಟ್ಟುಕೊಳ್ಳುತ್ತೇನೆ. ಆಕಾಶವನ್ನು ಎಡ ಬಲ ತಿರುಗಿಸಿ ಅಂಟಿಸಿದರೆ ಮೋಡಕ್ಕೆ ಬೆಳಕು ಒಂದು ಕಡೆಯಿಂದ, ಗುಡ್ಡಕ್ಕೆ ಇನ್ನೊಂದು ಕಡೆಯಿಂದ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ. ಆಕಾಶ ಬದಲಾದ ಮೇಲೆ ನೀರನ್ನೂ ಮರೆಯಬೇಡಿ. ಹೊಸ ಮೋಡದ ಬಣ್ಣವನ್ನು ಆರಿಸಿಕೊಂಡು, ಸಾಫ್ಟ್ ಲೈಟ್ (ಕೆಳಗಿನ ಚಿತ್ರದೊಂದಿಗೆ ಮೆಲ್ಲಗೆ ಬೆರೆಯುವ ಮೋಡ್) ಲೇಯರಿನಲ್ಲಿ ತೆಳ್ಳಗೆ ಅಳಿವೆಯ ಮೇಲೆ ಸವರಿ. ಗುಡ್ಡದ ಅಂಚಿನಲ್ಲಿ ಬಿಳಿ ಗೆರೆ ಉಳಿದಿದ್ದರೆ ಕ್ಲೋನ್ ಬ್ರಷ್ಷನ್ನು ಡಾರ್ಕನ್ ಮೋಡ್‌ಗೆ ಹಾಕಿ, ಪಕ್ಕದ ಆಕಾಶವನ್ನು ಅದರ ಮೇಲೆ ಎಳೆಯಿರಿ. ಗೆರೆ ಹೋಗುತ್ತದೆ, ಕಪ್ಪು ಗುಡ್ಡ ಹಾಗೇ ಇರುತ್ತದೆ.

ಪೇಂಟಿಂಗ್ ಗುಣ ಬರುವುದು ಇಲ್ಲಿಂದ ಮುಂದೆ. ಎಲ್ಲರೂ ಮೊದಲು ಆಯಿಲ್ ಪೇಂಟ್ ಫಿಲ್ಟರ್ ಒತ್ತುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಶೇಕಡಾ 50 ಬೂದು ತುಂಬಿದ ಲೇಯರ್ ಮಾಡಿ, ಸಾಫ್ಟ್ ಲೈಟ್‌ಗೆ ಹಾಕಿ. ಕಡಿಮೆ ಫ್ಲೋ ಇರುವ ದೊಡ್ಡ ಬ್ರಷ್ಷಿನಿಂದ ಬಿಳಿ, ಕಪ್ಪು ಬಳಿಯಿರಿ. ಕಣ್ಣು ಎಲ್ಲಿ ನಿಲ್ಲಬೇಕು ಎಂದು ನೀವೇ ತೀರ್ಮಾನಿಸಿ. ನನ್ನ ಚಿತ್ರದಲ್ಲಿ ಅದು ನದಿಯ ಬಾಯಿ. ಅಲ್ಲಿ ಬೆಳಕು ಏರಿಸುತ್ತೇನೆ, ಮೂಲೆಗಳನ್ನು ಇಳಿಸುತ್ತೇನೆ, ಕೆಳಗಿನ ಪೊದೆಗಳನ್ನು ಅರೆಗತ್ತಲಿಗೆ ಬಿಡುತ್ತೇನೆ. ಎಚ್‌ಡಿಆರ್ ಕಷ್ಟಪಟ್ಟು ತಂದ ನೆರಳಿನ ವಿವರವನ್ನೇ ಮತ್ತೆ ಮುಚ್ಚುವುದು, ಅಲ್ವಾ? ಹೌದು. ಆದರೆ ಈಗ ಎಷ್ಟು ಮುಚ್ಚಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ಮಳೆಗಾಲ ಮುಗಿದ ನಮ್ಮೂರ ಹಸಿರು ಫೋಟೊದಲ್ಲಿ ಗಿಣಿ ಹಸಿರಾಗುತ್ತದೆ. ಅದನ್ನು ಹಳದಿ ಕಡೆಗೆ ಸ್ವಲ್ಪ ಸರಿಸಿ, ಸ್ಯಾಚುರೇಶನ್ ಇಳಿಸಿ. ದೂರದ ದ್ವೀಪಕ್ಕೆ ಕ್ಲಾರಿಟಿ ಮೈನಸ್ ಮಾಡಿ, ಕಡಲ ಮಬ್ಬು ಬರಲಿ. ಆಮೇಲೆ ಆರ್ಟನ್ ಉಪಾಯ: 1980ರ ದಶಕದಲ್ಲಿ ಫೋಟೊಗ್ರಾಫರ್ ಮೈಕೆಲ್ ಆರ್ಟನ್ ಸ್ಪಷ್ಟವಾದ ಒಂದು ಸ್ಲೈಡು, ಮಸುಕಾದ ಒಂದು ಸ್ಲೈಡು ಒಂದರ ಮೇಲೊಂದು ಇಟ್ಟಿದ್ದರು. ನಾವು ಲೇಯರಿನ ನಕಲು ತೆಗೆದು, ಗಾಸಿಯನ್ ಬ್ಲರ್ ಕೊಟ್ಟು, ಸ್ಕ್ರೀನ್ ಮೋಡ್‌ಗೆ ಹಾಕಿ ಒಪಾಸಿಟಿಯನ್ನು ಶೇಕಡಾ 15, 20ಕ್ಕೆ ಇಳಿಸಿದರೆ ಆಯಿತು. ಜಾಸ್ತಿಯಾದರೆ ಕ್ಯಾಲೆಂಡರ್ ಚಿತ್ರ.

ಆಯಿಲ್ ಪೇಂಟ್ ಹಾಕುವ ಮೊದಲು ಪ್ರಿಂಟಿನ ಅಳತೆಗೆ ಚಿತ್ರವನ್ನು ತನ್ನಿ. ಕುಂಚದ ಗೆರೆಯ ದಪ್ಪ ಪಿಕ್ಸೆಲ್ ಲೆಕ್ಕದ್ದು, ಆಮೇಲೆ ಗಾತ್ರ ಬದಲಿಸಿದರೆ ಗೆರೆಯೂ ಬದಲಾಗುತ್ತದೆ. ಲೈಟಿಂಗ್ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಹೊಳಪು. ಬೇರೆ ಲೇಯರಿನಲ್ಲಿ ಹಾಕಿ, ಪೊದೆ ಮತ್ತು ಮೋಡಕ್ಕೆ ಮಾತ್ರ ತೆರೆಯಿರಿ. ದೋಣಿ ಚೂಪಾಗಿಯೇ ಇರಲಿ.

ಕ್ಯಾನ್ವಾಸಿನ ಮೇಲೆ ನೆರಳು ಪರದೆಗಿಂತ ಕಪ್ಪಗೆ ಬೀಳುತ್ತದೆ. ಮೊದಲು ಸಣ್ಣ ತುಂಡೊಂದನ್ನು ಪ್ರಿಂಟ್ ಹಾಕಿಸಿ, ಹಗಲು ಬೆಳಕಲ್ಲಿ ನೋಡಿ, ಬೇಕಾದಷ್ಟು ನೆರಳು ಏರಿಸಿ. ಕೊಳ್ಳುವವರಿಗೆ ಇದು ಜೋಡಿಸಿದ ಚಿತ್ರ ಅಂತ ಹೇಳಿಯೇ ಕೊಡಿ. ಕರಾವಳಿಯ ಮನೆಯಾದರೆ ವಾರ್ನಿಷ್ ಹೊಡೆಸಿ. ಮಳೆ ಬಡಿಯುವ ಹೊರಗೋಡೆಗೆ ತೂಗಹಾಕಿದರೆ ಆಷಾಢ ಮುಗಿಯುವುದರೊಳಗೆ ಹಿಂದಿನಿಂದ ಬೂಸು ಹಿಡಿಯುತ್ತದೆ. ಒಳಗೋಡೆಗೆ ಹಾಕಲು ಹೇಳಿ. ಅಲ್ಲಿಯೂ ಚೌಕಟ್ಟಿನ ಹಿಂದೆ ಸಣ್ಣ ಮರದ ತುಂಡು ಕೊಟ್ಟು ಗಾಳಿಯಾಡಲು ಜಾಗ ಬಿಡಿ.